ಕಿವಿಗೆ ಯಾಕೆ ಹಣೆಪಟ್ಟಿ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಕೇಳುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು: "ಊರಲ್ಲಿ ಎಲ್ಲಿ?" ಉತ್ತರ ಸಿಕ್ಕಿದ ಕೂಡಲೇ ಎದುರಿನವರ ಸಂಗೀತದ ರುಚಿಯನ್ನೂ ನಾವೇ ತೀರ್ಮಾನಿಸಿಬಿಡುತ್ತೇವೆ. ಉಡುಪಿ, ಮಂಗಳೂರು ಕಡೆಯವರೆಂದರೆ ಅವರಿಗೆ ಚೆಂಡೆ ಮದ್ದಳೆ ಸಾಕು. ಧಾರವಾಡ, ಗದಗಿನವರೆಂದರೆ ಖಯಾಲ್ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೈಸೂರಿನವರೆಂದರೆ ತ್ಯಾಗರಾಜರ ಕೃತಿ, ದೇವರನಾಮ. ಇನ್ನು ವಯಸ್ಸಿನ ಲೆಕ್ಕ ಬೇರೆ. ಅರವತ್ತು ದಾಟಿದವರೆಂದರೆ ಪಿ. ಬಿ. ಶ್ರೀನಿವಾಸ್, ಮುಕೇಶ್. ಕಪ್ಪು ಟೀ ಶರ್ಟು ಹಾಕಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ ಹುಡುಗನೆಂದರೆ, "ಅಯ್ಯೋ, ಆ ಕಿರುಚಾಟ ಕೇಳುವವನು, ದಾರಿ ತಪ್ಪಿದ್ದಾನೆ."

ಇಂದು ಈ ಹಣೆಪಟ್ಟಿಗಳ ಬಗ್ಗೆ ಸ್ವಲ್ಪ ಮಾತಾಡೋಣ ಎಂದುಕೊಂಡಿದ್ದೇನೆ. ಹಾಡು ಕೇಳುವವರ ಮೇಲೆ ನಾವು ಅಂಟಿಸುವ ಚೀಟಿಗಳು ಎಲ್ಲಿಂದ ಬರುತ್ತವೆ, ಅವು ಎಷ್ಟು ನಿಜ, ಅವುಗಳಿಂದ ನಮಗೆ ಆಗುವ ನಷ್ಟ ಏನು?

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಈ ಚೀಟಿಗಳು ಗಾಳಿಯಿಂದ ಹುಟ್ಟಿದವಲ್ಲ. ನಮ್ಮ ನಗರದ ಸಂಗೀತಕ್ಕೆ ಒಂದು ಭೂಗೋಳವೇ ಇದೆ. ಮಾಟುಂಗಾ, ಕಿಂಗ್ಸ್ ಸರ್ಕಲ್ ಎಂದರೆ ಕರ್ನಾಟಕ ಸಂಗೀತ. 1952ರಲ್ಲಿ ಹುಟ್ಟಿದ ಷಣ್ಮುಖಾನಂದ ಸಭೆ ಅಲ್ಲಿದೆ. ದಾದರ್, ವಿಲೇಪಾರ್ಲೆ ಎಂದರೆ ನಾಟ್ಯಸಂಗೀತ, ಭಾವಗೀತೆ. ಕುರ್ಲಾ, ಸಾಂತಾಕ್ರೂಜ್ ಕಡೆಗೆ ಹೋದರೆ ನಮ್ಮ ತುಳು ಕನ್ನಡ ಸಂಘಗಳ ಸಭಾಗೃಹಗಳಲ್ಲಿ ಯಕ್ಷಗಾನ. ಮಾಟುಂಗಾದಲ್ಲೇ 1926ರಿಂದ ಇರುವ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಇಲ್ಲೆಲ್ಲ ಸುಗಮ ಸಂಗೀತ, ನಾಟಕದ ಹಾಡು. ಮನುಷ್ಯ ತನ್ನ ಮನೆಯ ಹತ್ತಿರ ಸಿಕ್ಕಿದ್ದನ್ನು ಕೇಳುತ್ತಾನೆ. ಅಂಬರನಾಥದಿಂದ ಹೊರಟು, ಗಾಡಿ ಬದಲಿಸಿ, ಕಛೇರಿ ಕೇಳಿ, ಕೊನೆಯ ಲೋಕಲ್ ಹಿಡಿದು ವಾಪಸ್ಸಾಗುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಹಾಗಾಗಿ ಅಭ್ಯಾಸ ಎನ್ನುವುದು ನಿಜ. ತಪ್ಪು ಇರುವುದು ಮುಂದಿನ ಹೆಜ್ಜೆಯಲ್ಲಿ. ಅಭ್ಯಾಸವನ್ನು ನೋಡಿ ಸ್ವಭಾವವನ್ನು, ಸ್ವಭಾವವನ್ನು ನೋಡಿ ಯೋಗ್ಯತೆಯನ್ನು ಅಳೆಯಲು ಹೊರಡುತ್ತೇವಲ್ಲ, ಅಲ್ಲಿ.

ಹೀಗೆ ಅಳೆಯುವ ಕೆಲಸವನ್ನು ಒಂದು ಕಾಲದಲ್ಲಿ ಬಾನುಲಿಯೇ ಮಾಡಿತ್ತು ಎನ್ನುವುದನ್ನು ಬಾನುಲಿಯ ಮುಂದೆ ಕೂತು ಹೇಳುವುದರಲ್ಲಿ ಒಂದು ಸೊಗಸಿದೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ವಾದ್ಯವನ್ನು ತನ್ನ ಸ್ಟುಡಿಯೋಗಳಿಂದ ಹೊರಗೆ ಹಾಕಿತು. ಅದರಲ್ಲಿ ಮೀಂಡ್ ಬರುವುದಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಸರಿಯಾಗುವುದಿಲ್ಲ, ಪರದೇಶದ ಪೆಟ್ಟಿಗೆ ಎಂಬುದು ಆಕ್ಷೇಪ. ಆ ಬಹಿಷ್ಕಾರ ಸುಮಾರು ಮೂರು ದಶಕ ನಡೆಯಿತು. ಅದೇ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಕಾಲಪೇಟಿ ಇಲ್ಲದೆ ಪರದೆ ಎತ್ತುತ್ತಿರಲಿಲ್ಲ. ಭಜನಾ ಮಂಡಳಿಗಳು ಪೇಟಿ ಇಲ್ಲದೆ ಕೂರುತ್ತಿರಲಿಲ್ಲ. ದೊಡ್ಡ ದೊಡ್ಡ ಖಯಾಲ್ ಗಾಯಕರು ಸಭೆಯಲ್ಲಿ ಹಾರ್ಮೋನಿಯಂ ಸಾಥಿ ಪಕ್ಕದಲ್ಲಿಟ್ಟುಕೊಂಡೇ ಹಾಡುತ್ತಿದ್ದರು. ಕೇಳುಗನಿಗೆ ಯಾವ ತೊಂದರೆಯೂ ಆಗಿರಲಿಲ್ಲ.

ಆಮೇಲೆ 1952. ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಮೇಲೆ ನಿಜವಾದ ಪ್ರೀತಿ ಇದ್ದವರು. ಸಂಗೀತಕ್ಕೆ ರೇಡಿಯೋದಲ್ಲಿ ಭದ್ರ ನೆಲೆ ಒದಗಿಸಿದರು, ಎಷ್ಟೋ ಕಲಾವಿದರಿಗೆ ಅದರಿಂದ ಅನ್ನ ಸಿಕ್ಕಿತು. ಆದರೆ ಸಿನಿಮಾ ಹಾಡು ಕೇಳಿದರೆ ಜನರ ಅಭಿರುಚಿ ಕೆಡುತ್ತದೆ ಎಂಬುದು ಅವರ ನಂಬಿಕೆ. ಚಿತ್ರಗೀತೆಗಳ ಸಮಯಕ್ಕೆ ಕತ್ತರಿ ಬಿತ್ತು. ನಿರ್ಮಾಪಕರೊಂದಿಗೆ ಜಗಳವಾಗಿ ಕೊನೆಗೆ ಹಾಡುಗಳು ಹೆಚ್ಚುಕಡಿಮೆ ನಿಂತೇ ಹೋದವು. ಜನ ಏನು ಮಾಡಿದರು? ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿದರು. ಅದೇ ವರ್ಷ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ಕಾರ್ಯಕ್ರಮ ಧ್ವನಿಮುದ್ರಣ ಆಗುತ್ತಿದ್ದುದು ಇದೇ ಬೊಂಬಾಯಿಯಲ್ಲಿ, ಪ್ರಸಾರ ಕೊಲಂಬೊದಿಂದ! ಬುಧವಾರ ಸಂಜೆ ಚಾಳಿನ ಒಂದು ಖೋಲಿಯಲ್ಲಿ ರೇಡಿಯೋ ಇದ್ದರೆ ಇಡೀ ಮಾಳಿಗೆಗೆ ಅದು ಸಾಕಾಗುತ್ತಿತ್ತು ಎಂದು ಹಿರಿಯ ಕೇಳುಗರು ಇಂದಿಗೂ ನೆನೆಯುತ್ತಾರೆ. ಐದು ವರ್ಷ ಕಳೆದು, 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಬಾಗಿಲು ತೆರೆಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಶಾಸ್ತ್ರೀಯ ಸಂಗೀತಕ್ಕೂ ಸಿನಿಮಾ ಹಾಡಿಗೂ ನಡೆದ ಕುಸ್ತಿಯ ಹಾಗೆ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಬುಧವಾರ ಗೀತಮಾಲಾ ಕೇಳಿದವರಲ್ಲಿ ಎಷ್ಟೋ ಮಂದಿ ವಾರದ ಕೊನೆಗೆ ಅದೇ ರೇಡಿಯೋದಲ್ಲಿ ಅಖಿಲ ಭಾರತ ಸಂಗೀತ ಕಾರ್ಯಕ್ರಮದಲ್ಲಿ ಖಯಾಲನ್ನೂ ಕೇಳಿದರು. ಕೇಳುವವರನ್ನು ಎರಡು ಪಂಗಡ ಮಾಡಿದ್ದು ಕಾಗದದ ಮೇಲೆ. ಮನೆಯೊಳಗೆ ಪಂಗಡ ಒಂದೇ.

ಇನ್ನು ಹಾಡುವವರ ಕಡೆಗೆ ಬರೋಣ. ಯಾರ ಹೆಸರು ಹೇಳಿ ನಾವು ಬೇರೆಯವರ ರುಚಿಯನ್ನು ಕೀಳು ಮಾಡುತ್ತೇವೋ, ಆ ಹಿರಿಯರು ಸ್ವತಃ ಹೇಗಿದ್ದರು ನೋಡೋಣ.

ಪಂಡಿತ ಭೀಮಸೇನ ಜೋಶಿ ನಮ್ಮ ಗದಗಿನವರು, ಹುಟ್ಟಿದ್ದು 1922ರಲ್ಲಿ. ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಾಫೋನ್ ತಟ್ಟೆ ಕೇಳಿ ಮನಸೋತು, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಆ ತಟ್ಟೆಯಲ್ಲಿದ್ದದ್ದು ದೊಡ್ಡ ಖಯಾಲ್ ಅಲ್ಲ, ಒಂದು ಠುಮರಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತು, 1943ರಲ್ಲಿ ಈ ಮುಂಬಯಿಗೆ ಬಂದು ರೇಡಿಯೋ ಕಲಾವಿದರಾದರು. ಎಚ್.ಎಂ.ವಿ. ಹೊರತಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. 1956ರ 'ಬಸಂತ ಬಹಾರ್' ಚಿತ್ರದಲ್ಲಿ ಮನ್ನಾ ಡೇ ಜತೆಗೆ ಹಾಡಿದರು. ಕಥೆಯ ಪ್ರಕಾರ ಸ್ಪರ್ಧೆಯಲ್ಲಿ ಮನ್ನಾ ಡೇ ಗೆಲ್ಲಬೇಕು, ಭೀಮಸೇನರು ಸೋಲಬೇಕು. ಹೆದರಿ ಊರು ಬಿಟ್ಟು ಹೋಗಲು ಯೋಚಿಸಿದ್ದಾಗಿ ಮನ್ನಾ ಡೇ ತಾವೇ ಹೇಳಿಕೊಂಡಿದ್ದಾರೆ. ಭೀಮಸೇನರು ಮಾತ್ರ ಸಂತೋಷವಾಗಿ ಸೋತರು. 1983ರಲ್ಲಿ ಶಂಕರನಾಗ್ ಅವರ 'ನೋಡಿ ಸ್ವಾಮಿ ನಾವಿರೋದು ಹೀಗೆ' ಚಿತ್ರಕ್ಕೆ ಪುರಂದರದಾಸರ ಕೀರ್ತನೆ ಹಾಡಿದರು. 1985ರ 'ಅನ್‌ಕಹೀ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮರಾಠಿಗರು 'ಸಂತವಾಣಿ' ಕೇಳಿ ನಮ್ಮವರೆಂದರು, ನಾವು 'ದಾಸವಾಣಿ' ಕೇಳಿ ನಮ್ಮವರೆಂದೆವು. 2008ರಲ್ಲಿ ಭಾರತರತ್ನ ಬಂದಾಗ ಎರಡೂ ಕಡೆಯವರು ಪೇಢೆ ಹಂಚಿದರು. ಹೀಗಿದ್ದೂ, "ನಾನು ಭೀಮಸೇನರ ಅಭಿಮಾನಿ, ಸಿನಿಮಾ ಹಾಡು ಮುಟ್ಟುವುದಿಲ್ಲ" ಎನ್ನುವವರು ಸಿಗುತ್ತಾರಲ್ಲ!

ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಮೂಲ ಹೆಸರು ಶಿವಪುತ್ರ ಕೊಂಕಾಳಿಮಠ. ಹುಡುಗನಿದ್ದಾಗಲೇ ಈ ನಗರಕ್ಕೆ ಬಂದು, ಆಪೆರಾ ಹೌಸ್ ಬಳಿಯ ಬಿ. ಆರ್. ದೇವಧರರ ಸಂಗೀತ ಶಾಲೆಯಲ್ಲಿ ಕಲಿತರು. ದೇವಧರರದು ಒಂದೇ ಘರಾಣೆಗೆ ಬೇಲಿ ಹಾಕಿಕೊಳ್ಳದ ಶಾಲೆ. ಬೇರೆ ಬೇರೆ ಘರಾಣೆಗಳ ಉಸ್ತಾದರು ಅಲ್ಲಿ ಬಂದು ಹಾಡುತ್ತಿದ್ದರು. ಮುಂದೆ ಕ್ಷಯರೋಗ ಬಂದು ಕುಮಾರರು ದೇವಾಸದಲ್ಲಿ ಹಾಸಿಗೆ ಹಿಡಿದಾಗ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಹಾಡು. ಎದ್ದ ಮೇಲೆ ಆ ಜನಪದ ಧುನ್‌ಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಕಬೀರನ ನಿರ್ಗುಣ ಪದಗಳನ್ನು ಹಾಡಿದರು. ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನೇ ಎತ್ತಿಕೊಂಡು ಇಡೀ ಕಾರ್ಯಕ್ರಮ ಮಾಡಿದರು.

ಮಲ್ಲಿಕಾರ್ಜುನ ಮನ್ಸೂರರ ಆರಂಭದ ಪಾಠ ಕರ್ನಾಟಕ ಸಂಗೀತದ್ದು, ಅಪ್ಪಯ್ಯಸ್ವಾಮಿ ಎಂಬ ಪಿಟೀಲು ವಿದ್ವಾಂಸರಲ್ಲಿ. ಬಾಲ್ಯದಲ್ಲಿ ನಾಟಕದ ಕಂಪನಿ, ಆಮೇಲೆ ಗ್ವಾಲಿಯರ್ ಪದ್ಧತಿ, ಕೊನೆಗೆ ಜೈಪುರ ಘರಾಣೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರ ಗುರುಗಳು. ಇಷ್ಟೆಲ್ಲ ಆದಮೇಲೆ ವಚನಗಳನ್ನು ಹಾಡಿ ನಮ್ಮ ಮನೆ ಮನೆಗೂ ತಂದರು.

ಬೀಳಗಿಯಿಂದ ಬಂದ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವೆಲ್ಲ ಮನೆಮಾತಾದರು. ಕನ್ನಡ, ಮರಾಠಿ, ಹಿಂದಿ, ಗುಜರಾತಿ, ಯಾವ ಭಾಷೆಯೂ ಅವರಿಗೆ ಹೊರಗಿನದಾಗಿರಲಿಲ್ಲ.

ಹಾಡುವವರು ಮಾತ್ರವಲ್ಲ, ರಾಗಗಳೂ ಊರು ಬಿಟ್ಟು ಊರಿಗೆ ಬಂದಿವೆ. ಹಂಸಧ್ವನಿ ರಾಗ ದಕ್ಷಿಣದ್ದು, ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ರಚಿಸಿದ್ದು. ಅದನ್ನು ಹಿಂದೂಸ್ತಾನಿ ಗಾಯಕರಿಗೆ ರೂಢಿ ಮಾಡಿಸಿದವರಲ್ಲಿ ಪ್ರಮುಖರು ಅಮಾನ್ ಅಲಿ ಖಾನರು. ಅವರ ಘರಾಣೆಯ ಹೆಸರು ಭೇಂಡಿಬಜಾರ್! ಹೌದು, ಮಸ್ಜಿದ್ ಬಂದರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಅದೇ ಭೇಂಡಿಬಜಾರ್. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಕೃತಿ ಕಲಿತು ಧ್ವನಿಮುದ್ರಿಸಿದವರು. ಇನ್ನು ಹಳೆಯ ಹಿಂದಿ ಚಿತ್ರಗೀತೆ ಎಂದು ನಾವು ಕಣ್ಣು ಮುಚ್ಚಿ ಕೇಳುತ್ತೇವಲ್ಲ, ಅದರ ವಾದ್ಯಮೇಳ ಬರೆದು ಜೋಡಿಸಿದವರಲ್ಲಿ ಬಹಳಷ್ಟು ಮಂದಿ ಗೋವಾದ ಕ್ರೈಸ್ತ ಕಲಾವಿದರು. ಇಗರ್ಜಿಯ ಶಾಲೆಯಲ್ಲಿ ನೊಟೇಶನ್ ಕಲಿತು, ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಗಲು ಸ್ಟುಡಿಯೋಗಳಲ್ಲಿ ಕೂತವರು. ಶಂಕರ್-ಜೈಕಿಶನ್ ಜತೆಗಿದ್ದ ಸೆಬಾಸ್ಟಿಯನ್ ಡಿಸೋಜಾ, 1951ರ 'ಅಲಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರರಿಗೆ ನೆರವಾದ ಚಿಕ್ ಚಾಕೊಲೇಟ್, ಇವರೆಲ್ಲ ಅಂಥವರು. "ನನಗೆ ಪಾಶ್ಚಾತ್ಯ ಸಂಗೀತ ಆಗುವುದಿಲ್ಲ, ಹಳೆಯ ಹಾಡು ಮಾತ್ರ" ಎನ್ನುವವರ ಕಿವಿಗೆ ಜಾಝ್ ಎಪ್ಪತ್ತು ವರ್ಷದಿಂದ ಬೀಳುತ್ತಲೇ ಇದೆ, ಹೆಸರು ಗೊತ್ತಿಲ್ಲ ಅಷ್ಟೇ.

ಈಗ ಮನೆಯ ಹುಡುಗರ ವಿಷಯ. ಇದೇ ನನ್ನ ಮುಖ್ಯ ಮಾತು.

ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಕನ್ನಡ ಮನೆ ಎಂದಿಟ್ಟುಕೊಳ್ಳಿ. ಅಜ್ಜಿ ದೇವರನಾಮ ಹೇಳುತ್ತಾರೆ. ಅಪ್ಪ ಯಕ್ಷಗಾನದ ಧ್ವನಿಸುರುಳಿಯಿಂದ ಯೂಟ್ಯೂಬಿಗೆ ಬಂದವರು. ಮಗಳು ರ‍್ಯಾಪ್ ಕೇಳುತ್ತಾಳೆ, ಮಗ ಹೆವಿ ಮೆಟಲ್. ಒಬ್ಬರ ಹಾಡು ಶುರುವಾದರೆ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಾರೆ. "ಇದೂ ಒಂದು ಹಾಡೇ?" ಎಂದು ಅಪ್ಪ, "ನಿಮ್ಮದು ಮುದುಕರ ಹಾಡು" ಎಂದು ಮಗ. ಮನೆಯಲ್ಲಿ ಕನ್ನಡ ಉಳಿದಿರುವುದೇ ಅಡುಗೆಮನೆಯ ನಾಲ್ಕು ಮಾತು ಮತ್ತು ಹಾಡುಗಳಲ್ಲಿ ಎಂದಾದರೆ, ಆ ಬಾಗಿಲು ಮುಚ್ಚಿದಾಗ ಹೊರಗೆ ಉಳಿಯುವುದು ಹಾಡು ಮಾತ್ರವಲ್ಲ, ಭಾಷೆಯೂ ಹೌದು. ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ನರೆಗೂದಲು ಹೆಚ್ಚು, ಹಿಂದಿನ ಕುರ್ಚಿಗಳು ಖಾಲಿ ಎಂದು ಕೊರಗುತ್ತೇವೆ. ಆ ಕುರ್ಚಿಗಳಲ್ಲಿ ಕೂರಬೇಕಾದವರಿಗೆ ನಾವು ಮೊದಲು ಹೇಳಿದ ಮಾತು ಏನು? "ನಿನಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ?"

ಹೆವಿ ಮೆಟಲ್ ಕೇಳುವವರು ಒರಟರು, ಸಿಟ್ಟಿನವರು ಎಂಬ ಮಾತನ್ನು ಸ್ಕಾಟ್‌ಲೆಂಡಿನ ಹೆರಿಯಟ್-ವ್ಯಾಟ್ ವಿಶ್ವವಿದ್ಯಾಲಯದ ಏಡ್ರಿಯನ್ ನಾರ್ತ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದರು. 60ಕ್ಕೂ ಹೆಚ್ಚು ದೇಶಗಳ ಸುಮಾರು 36,000 ಜನರನ್ನು ಕೇಳಿ 2008ರಲ್ಲಿ ಫಲಿತಾಂಶ ಹೇಳಿದರು. ವಿಚಿತ್ರವೆಂದರೆ, ಮೆಟಲ್ ಕೇಳುವವರ ಸ್ವಭಾವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರ ಸ್ವಭಾವಕ್ಕೆ ಬಹಳ ಹತ್ತಿರವಿತ್ತು. ಇಬ್ಬರೂ ಮೆದು ಮನಸ್ಸಿನವರು, ಅಂತರ್ಮುಖಿಗಳು, ಹೊಸದನ್ನು ಕಲ್ಪಿಸಿಕೊಳ್ಳುವವರು. ವ್ಯತ್ಯಾಸ ಹೆಚ್ಚಾಗಿ ವಯಸ್ಸಿನದು. ಅಂದರೆ ಕಪ್ಪು ಟೀ ಶರ್ಟಿನ ಹುಡುಗ ಮತ್ತು ಸಭೆಯ ಮುಂದಿನ ಸಾಲಿನ ರಾಯರು ಒಂದೇ ಬಟ್ಟೆಯ ಎರಡು ತುಂಡು ಇರಬಹುದು.

ರ‍್ಯಾಪ್ ಬಗ್ಗೆಯೂ ಹಾಗೆಯೇ. ಕುರ್ಲಾದ ನೇಝಿ, ಅಂಧೇರಿಯ ಡಿವೈನ್, ಇಂಥ ಹುಡುಗರು ಗಲ್ಲಿಯ ಮಾತಿನಲ್ಲೇ ಗಲ್ಲಿಯ ಕಥೆ ಹೇಳಿದರು. 2019ರ 'ಗಲ್ಲಿ ಬಾಯ್' ಚಿತ್ರ ಬಂದ ಮೇಲೆ ಎಲ್ಲರಿಗೂ ಅದು ಪರಿಚಯವಾಯಿತು. ಕನ್ನಡದಲ್ಲೂ ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರು ಇದ್ದಾರೆ. ಇದರಲ್ಲಿ ರಾಗ ಎಲ್ಲಿದೆ ಎಂದು ಕೇಳುವ ಹಿರಿಯರಿಗೆ ನನ್ನದೊಂದು ಪ್ರಶ್ನೆ. ತಾಳಮದ್ದಳೆಯಲ್ಲಿ ಎದುರಾಳಿ ಅರ್ಥಧಾರಿ ಎಸೆದ ಮಾತನ್ನು ಅಲ್ಲೇ ಹಿಡಿದು, ಅದನ್ನೇ ತಿರುಗಿಸಿ ಹೊಡೆಯುವಾಗ ನೀವು ಚಪ್ಪಾಳೆ ತಟ್ಟುವುದು ರಾಗಕ್ಕೋ, ಮಾತಿನ ಚುರುಕಿಗೋ? ಮೃದಂಗದ ಜತಿಯನ್ನು ಬಾಯಲ್ಲಿ ಹೇಳುವ ಕೊನ್ನಕೋಲಿನಲ್ಲಿ ಮೆಚ್ಚುವುದು ಏನನ್ನು? ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅರ್ಥಧಾರಿಯ ಹಿಂದೆ ಪುರಾಣದ ಓದು ಇದೆ, ರ‍್ಯಾಪ್ ಹುಡುಗನ ಹಿಂದೆ ರಸ್ತೆಯ ಅನುಭವ ಇದೆ. ಆದರೆ ತಾಳಮದ್ದಳೆ ಕೇಳಿ ಪಳಗಿದ ಕಿವಿಗೆ ರ‍್ಯಾಪ್ ತೀರಾ ಅಪರಿಚಿತ ಆಗಬೇಕಾಗಿಲ್ಲ. ಆ ಹುಡುಗನಿಗೆ ತಾಳಮದ್ದಳೆಯೂ ಹಾಗೆಯೇ. ಹೇಳಿಕೊಡುವವರು ಬೇಕು.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಶಿಶುನಾಳ ಷರೀಫರು. ಹತ್ತೊಂಬತ್ತನೆಯ ಶತಮಾನದ ತತ್ವಪದಗಳು. ಹಳ್ಳಿಯಲ್ಲಿ ಏಕತಾರಿ, ದಮ್ಮಡಿಯ ಜತೆಗೆ ಹಾಡುತ್ತಿದ್ದರು. ಸಿ. ಅಶ್ವತ್ಥ್ ಅವುಗಳನ್ನು ಸುಗಮ ಸಂಗೀತದ ವೇದಿಕೆಗೆ ತಂದರು, 1990ರ ನಾಗಾಭರಣರ ಚಿತ್ರದಿಂದ ಅವು ಇನ್ನೂ ದೂರ ಹೋದವು. ಆಮೇಲೆ ರಘು ದೀಕ್ಷಿತ್ ಅವೇ ಪದಗಳನ್ನು ಗಿಟಾರ್, ಡ್ರಮ್ಸ್ ಜತೆಗೆ ಹಾಡಿದರು. ಅಜ್ಜಿಗೆ ಏಕತಾರಿಯದು, ಅಪ್ಪನಿಗೆ ಅಶ್ವತ್ಥರದು, ಮಗನಿಗೆ ಗಿಟಾರಿನದು. ಆದರೆ ಮೂವರ ಬಾಯಲ್ಲೂ ಬರುವುದು ಷರೀಫರ ಕನ್ನಡವೇ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. "ನಾನು ಎಲ್ಲ ಬಗೆಯ ಸಂಗೀತ ಕೇಳುತ್ತೇನೆ" ಎನ್ನುವುದೇ ಈಗ ಒಂದು ದೊಡ್ಡಸ್ತಿಕೆ ಆಗಿದೆ. ಅಮೆರಿಕದಲ್ಲಿ ಬೆಥನಿ ಬ್ರೈಸನ್ ಎಂಬ ಸಮಾಜಶಾಸ್ತ್ರಜ್ಞೆ 1996ರಲ್ಲಿ ಒಂದು ಲೇಖನ ಬರೆದರು. ಹೆಚ್ಚು ಓದಿದವರು ಹೆಚ್ಚು ಬಗೆಯ ಸಂಗೀತವನ್ನು ಒಪ್ಪುತ್ತಾರೆ, ನಿಜ. ಆದರೆ ಅವರು ಬೇಡವೆನ್ನುವ ಒಂದೆರಡು ಬಗೆ ಯಾವುದು ಎಂದು ನೋಡಿದರೆ, ಅದು ಕಡಿಮೆ ಓದಿದವರು ಕೇಳುವ ಸಂಗೀತವೇ ಆಗಿತ್ತು! ನಮ್ಮಲ್ಲೂ ಗಮನಿಸಿ. "ನನಗೆ ಗಜಲ್ ಇಷ್ಟ, ಜಾಝ್ ಇಷ್ಟ, ಸೂಫಿ ಇಷ್ಟ. ಆದರೆ ಆ ಗಲ್ಲಿಯ ಬೆಂಜೋ ಪಾರ್ಟಿ ಮಾತ್ರ ಬೇಡಪ್ಪ." ಕೋಳಿಗೀತೆ, ಲಾವಣಿ, ಚಾಳುಗಳಲ್ಲಿ ಏಪ್ರಿಲ್ ಹದಿನಾಲ್ಕರ ಸುಮಾರಿಗೆ ಕೇಳಿಬರುವ ಭೀಮಗೀತೆ, ಇವು ನಮ್ಮ 'ಎಲ್ಲ' ಎಂಬ ಪಟ್ಟಿಯೊಳಗೆ ಬರುವುದೇ ಇಲ್ಲ. ಶಾಹೀರ್ ವಿಠ್ಠಲ ಉಮಪ್ ಅವರಂಥ ಕಂಚಿನ ಕಂಠ ಈ ನಗರದಲ್ಲೇ ಇತ್ತು. ನಮ್ಮಲ್ಲಿ ಎಷ್ಟು ಜನ ಕೂತು ಕೇಳಿದ್ದೇವೆ? ಹಾಡನ್ನು ಬೇಡ ಎನ್ನುವಾಗ, ಬೇಡವಾದದ್ದು ಹಾಡೋ ಅಥವಾ ಅದನ್ನು ಹಾಡುವ ಜನವೋ ಎಂದು ಒಮ್ಮೆ ಮನಸ್ಸನ್ನು ಮುಟ್ಟಿ ನೋಡಿಕೊಳ್ಳಬೇಕು.

ಹಾಗೆಂದು ಎಲ್ಲವನ್ನೂ ಇಷ್ಟಪಡಲೇಬೇಕೆಂಬ ಕಟ್ಟಳೆ ಏನೂ ಇಲ್ಲ. ಕೇಳಿ ನೋಡಿ, ಹಿಡಿಸದಿದ್ದರೆ ಬಿಡುವ ಹಕ್ಕು ಎಲ್ಲರಿಗೂ ಇದೆ. ಗದ್ದಲದ ಪ್ರಶ್ನೆಯೂ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆ ನಿಯಮ ಡಿ.ಜೆ.ಗೂ ಒಂದೇ, ಭಜನೆಗೂ ಒಂದೇ. ಗೋಡೆ ಅದುರಿಸುವ ಸದ್ದನ್ನು ವಿರೋಧಿಸಿ. ಆದರೆ ಆ ಸಿಟ್ಟನ್ನು ಹಾಡಿನ ಜಾತಿಯ ಮೇಲೆ, ಕೇಳುವವನ ಯೋಗ್ಯತೆಯ ಮೇಲೆ ಹಾಕಬೇಡಿ.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಏನೂ ಬೇಡ. ವಾರಕ್ಕೊಂದು ಹಾಡಿನ ವಿನಿಮಯ ಇಟ್ಟುಕೊಳ್ಳಿ. ಮಗಳು ತನ್ನದೊಂದು ಹಾಡು ಕೇಳಿಸಲಿ, ಅದರಲ್ಲಿ ಅವಳಿಗೆ ಹಿಡಿಸಿದ್ದು ಏನೆಂದು ಎರಡು ಮಾತು ಹೇಳಲಿ, ಕನ್ನಡದಲ್ಲೇ ಹೇಳಲಿ. ಆಮೇಲೆ ನೀವು ನಿಮ್ಮದನ್ನು ಕೇಳಿಸಿ. ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಮೂರು ಸಲ ಕೇಳಿ. ಭೈರವಿಯೂ ಮೊದಲ ಸಲಕ್ಕೆ ಯಾರಿಗೂ ಒಲಿದಿರಲಿಕ್ಕಿಲ್ಲ. ನಮ್ಮ ಸಂಘಗಳ ಪದಾಧಿಕಾರಿಗಳಿಗೂ ಒಂದು ವಿನಂತಿ. ಯಕ್ಷಗಾನಕ್ಕೆ ಒಂದು ದಿನ, ಶಾಸ್ತ್ರೀಯಕ್ಕೆ ಒಂದು ದಿನ, 'ಯುವಕರಿಗಾಗಿ' ಎಂದು ಬೇರೆ ಒಂದು ದಿನ ಎಂದು ವಿಂಗಡಿಸಿದರೆ ಬರುವವರೂ ವಿಂಗಡವಾಗಿಯೇ ಬರುತ್ತಾರೆ. ಒಂದೇ ಸಂಜೆ ಭಾಗವತರ ಪದ ಅರ್ಧ ಗಂಟೆ, ಹುಡುಗರ ಬ್ಯಾಂಡು ಅರ್ಧ ಗಂಟೆ ಇಟ್ಟು ನೋಡಿ. ಹುಡುಗರನ್ನು ಕರೆತರಲು ಅಪ್ಪ ಅಮ್ಮ ಬರುತ್ತಾರೆ, ಭಾಗವತರನ್ನು ಕೇಳಲು ಬಂದವರು ಹುಡುಗರಿಗೂ ಚಪ್ಪಾಳೆ ತಟ್ಟುತ್ತಾರೆ.

ನಾಳೆ ಬೆಳಿಗ್ಗೆ ನೀವು ಹತ್ತುವ ಲೋಕಲ್ ಗಾಡಿಯಲ್ಲಿ ಭಜನಾ ಮಂಡಳಿಯವರು ತಾಳ ಹಿಡಿದು ವಿಠ್ಠಲನ ಅಭಂಗ ಹಾಡುತ್ತಿರಬಹುದು. ಆ ಪಂಢರಪುರದ ವಿಠ್ಠಲನನ್ನು ಸಂತ ಜ್ಞಾನೇಶ್ವರರು ಕನ್ನಡದವನೆಂದೇ ಕರೆದರು. ನಮ್ಮ ದಾಸರೂ ಅವನನ್ನೇ ಹಾಡಿದರು. ಪಕ್ಕದ ಸೀಟಿನಲ್ಲಿ ಹೆಡ್‌ಫೋನ್ ಹಾಕಿದ ಹುಡುಗನೊಬ್ಬ ತಲೆ ಕುಣಿಸುತ್ತಾ ಕೂತಿದ್ದರೆ ಅವನ ಮೇಲೆ ಕಣ್ಣು ಕೆಂಪು ಮಾಡುವ ಬದಲು, "ಏನಪ್ಪಾ ಕೇಳುತ್ತಿದ್ದೀಯಾ?" ಎಂದು ಕೇಳಿ. ಠಾಣೆಯಿಂದ ದಾದರ್ ಬರುವಷ್ಟರಲ್ಲಿ ಒಂದು ಹೊಸ ಹಾಡಿನ ಪರಿಚಯ ಆಗಬಹುದು, ಅವನಿಗೂ ನಿಮ್ಮಿಂದ ಒಂದು ಸಿಗಬಹುದು.